ಬೆಂಕಿ ಕಂಡ ಕೆಂಪು

ಪೀತಮ್‌ಪುರ, ದೆಹಲಿ
4 ಮಾರ್ಚ್ 2024

ಪ್ರೀತಿಯ ಅಣ್ಣ,

ನಿನ್ನ ಕಿವಿಯ ಮಷಿನ್ ರಿಪೇರಿಯಾಗುವವರೆಗೆ ಫೋನ್ ಮಾಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಹೋದ ಸಲ ನಾನು ಕೂಗಿ ಕೂಗಿ ಮಾತಾಡಿದ್ದಕ್ಕೆ ಪಕ್ಕದ ಮನೆಯ ಪಂಜಾಬಿ ಹೆಂಗಸು ಬಾಗಿಲು ತಟ್ಟಿ, ಮನೆಯಲ್ಲಿ ಎಲ್ಲ ಸರಿಯಿದೆಯಾ ಎಂದು ಕೇಳಿದಳು. ಅದಕ್ಕೇ ಈ ಕಾಗದ. ಮೊಬೈಲಿನಲ್ಲಿ ಬರೆದರೆ ಅಕ್ಷರ ಸಣ್ಣದು ಎಂದು ನೀನು ಓದುವುದೂ ಇಲ್ಲ.

ಸಿಂಚನಾಳಿಗೆ ಒಂದು ಕೆಂಪು ಹರಳಿನ ಉಂಗುರ ಮಾಡಿಸಬೇಕು. ಕರೋಲ್‌ಬಾಗಿನಲ್ಲಿ ಮೂರು ನಾಲ್ಕು ಅಂಗಡಿ ಸುತ್ತಿದೆ. ಒಬ್ಬ ರಿಯಲ್ ಅನ್ನುತ್ತಾನೆ, ಇನ್ನೊಬ್ಬ ನ್ಯಾಚುರಲ್ ಅನ್ನುತ್ತಾನೆ, ಮತ್ತೊಬ್ಬ ಜೆನ್ಯುಯಿನ್ ಅನ್ನುತ್ತಾನೆ. ಎಲ್ಲಾ ಒಂದೇನಾ ಎಂದು ಕೇಳಿದರೆ "ಹಾಂ ಆಂಟೀಜೀ, ಸೇಮ್ ಹೈ" ಅನ್ನುತ್ತಾರೆ. ಸೇಮ್ ಆದರೆ ಬೆಲೆ ಯಾಕೆ ಬೇರೆ ಎಂದರೆ ಚಹಾ ತರಿಸುತ್ತಾರೆ. ಸಿಂಥೆಟಿಕ್, ಬರ್ಮಾ, ಫಿಲ್ಡ್ ಎಂದು ಇನ್ನೂ ಏನೇನೋ ಇವೆ. ಒಂದು ಅಂಗಡಿಯಲ್ಲಿ ಕೆಂಪನ್ನು ರತ್ತಿಯಲ್ಲಿ ತೂಗಿದರು, ಇನ್ನೊಂದರಲ್ಲಿ ಕ್ಯಾರೆಟ್ಟಿನಲ್ಲಿ. ಚಿನ್ನವೂ ಕ್ಯಾರೆಟ್ಟು, ಕಲ್ಲೂ ಕ್ಯಾರೆಟ್ಟು. ನನ್ನ ತಲೆ ಕೆಟ್ಟುಹೋಗಿದೆ.

ನೀನು ಜೀವಮಾನವೆಲ್ಲ ಹರಳು ಪರೀಕ್ಷೆಯ ಲ್ಯಾಬಿನಲ್ಲಿ ಕೂತವನು. ನನಗೆ ಅರ್ಥವಾಗುವ ಹಾಗೆ ಬಿಡಿಸಿ ಬರೆ. ನಾನು ಮೋಸ ಹೋಗಬಾರದು. ಈ ಒಂದು ಸಲ ನಾನು ಮೋಸ ಹೋಗಲೇಬಾರದು.

ಇವರು ಚೆನ್ನಾಗಿದ್ದಾರೆ, ಆಫೀಸಿನಲ್ಲಿ ಇದೇ ಕೊನೆಯ ವರ್ಷ. ಸ್ವಲ್ಪ ಬೇಗ ಉತ್ತರ ಹಾಕು.

ನಿನ್ನ ಲೀಲಾ

*

ಚಿತ್ರದುರ್ಗ
13 ಮಾರ್ಚ್ 2024

ಲೀಲಾವತಿ ಅಮ್ಮನವರಿಗೆ,

ಇಷ್ಟು ವರ್ಷದಲ್ಲಿ ನಮ್ಮ ಮನೆತನದ ಒಂದು ನರಪಿಳ್ಳೆಯೂ ನನ್ನ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಿರಲಿಲ್ಲ. ಚಂದ್ರಮೋಹನ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಅಮ್ಮ "ಕಲ್ಲು ನೋಡುತ್ತಾನೆ" ಅನ್ನುತ್ತಿದ್ದಳು. ಕೇಳಿದವರು ನಾನು ಕ್ವಾರಿಯಲ್ಲಿದ್ದೇನೆ ಎಂದುಕೊಳ್ಳುತ್ತಿದ್ದರು. ಈಗ ನೀನು ಕೇಳಿದ್ದೀ. ಅನುಭವಿಸು.

ರಿಯಲ್, ಜೆನ್ಯುಯಿನ್, ಇವು ಅಂಗಡಿಯವನ ಬಾಯಿಮಾತು. ಅವಕ್ಕೆ ಅರ್ಥವಿಲ್ಲ, ಬಿಟ್ಟುಬಿಡು. ನ್ಯಾಚುರಲ್ ಅನ್ನುವುದಕ್ಕೆ ಅರ್ಥವಿದೆ: ಭೂಮಿಯಲ್ಲಿ ಹುಟ್ಟಿದ್ದು. ಆದರೆ ಹುಟ್ಟಿದ ಮೇಲೆ ಅದಕ್ಕೆ ಏನೇನು ಮಾಡಿದರು ಎಂಬುದನ್ನು ಆ ಮಾತು ಹೇಳುವುದಿಲ್ಲ. ಸಿಂಥೆಟಿಕ್ ಎಂದರೆ ಪ್ಲಾಸ್ಟಿಕ್ ಅಲ್ಲ, ಅದೂ ಕೆಂಪೇ, ಒಲೆಯಲ್ಲಿ ಬೆಳೆಸಿದ್ದು. ನೋಡಲು ಕಲೆಯಿಲ್ಲದೆ ಚೊಕ್ಕವಾಗಿರುತ್ತದೆ. ನಿನ್ನ ಕಣ್ಣಿಗೆ ತೀರಾ ಚೊಕ್ಕ ಕಂಡರೆ ಅನುಮಾನಪಡು. ಬರ್ಮಾ ಎಂದರೆ ಊರಿನ ಹೆಸರು, ಆದರೆ ಈಗ ಆಫ್ರಿಕಾದಲ್ಲಿ ಅಗೆದ ಕಲ್ಲಿಗೂ ಬಣ್ಣ ಚೆನ್ನಾಗಿದ್ದರೆ ಬರ್ಮಾ ಕಲರ್ ಎಂದು ನಾಮಕರಣ ಮಾಡುತ್ತಾರೆ. ಫಿಲ್ಡ್ ಎಂದರೆ ದೂರ ಓಡು. ಒಡಕು ಕಲ್ಲಿಗೆ ಸೀಸ ಬೆರೆಸಿದ ಗಾಜು ತುಂಬಿರುತ್ತಾರೆ. ನಿಂಬೆಹಣ್ಣು ಹಿಂಡಿದರೂ ಅದು ಹಾಳಾಗುತ್ತದೆ, ಮದುಮಗಳು ಚಿತ್ರಾನ್ನ ಕಲಸುವ ಹಾಗಿಲ್ಲ.

ಚಿನ್ನಕ್ಕೆ ಕ್ಯಾರೆಟ್ ಎಂದರೆ ಶುದ್ಧತೆ, ಕಲ್ಲಿಗೆ ಕ್ಯಾರೆಟ್ ಎಂದರೆ ತೂಕ. ಒಂದು ಗ್ರಾಮಿನ ಐದನೇ ಒಂದು ಪಾಲು. ರತ್ತಿಯೂ ತೂಕವೇ, ಉತ್ತರದವರ ಹಳೇ ಲೆಕ್ಕ, ಅಂಗಡಿಯಿಂದ ಅಂಗಡಿಗೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಕ್ಯಾರೆಟ್ಟಿನಲ್ಲೇ ಕೇಳು. ಲ್ಯಾಬಿನ ಕಾಗದವಿಲ್ಲದೆ ಕೊಳ್ಳಬೇಡ.

ಮದುಮಗಳು ಎಂದದ್ದು ಸುಮ್ಮನೆ ಅಲ್ಲ. ನಾಲ್ಕಾಣೆಯ ಪಿನ್ನು ಕೊಳ್ಳಲೂ ಹತ್ತು ಸಲ ಯೋಚಿಸುವ ನೀನು ಮಗಳಿಗೆ ಕೆಂಪಿನ ಉಂಗುರ ಎಂದು ಅಂಗಡಿ ಸುತ್ತುತ್ತಿದ್ದೀಯೆಂದರೆ ನನಗೆ ಅರ್ಥವಾಗುವುದಿಲ್ಲವೇ? ಹುಡುಗ ಯಾರು? ಅವಳ ಗುರುಗ್ರಾಮದ ಆಫೀಸಿನವನೇ? ಸೋದರಮಾವನಿಂದ ಮುಚ್ಚಿಟ್ಟು ಮದುವೆ ಮಾಡುವ ಪದ್ಧತಿ ನಮ್ಮಲ್ಲಿಲ್ಲ.

ಚಂದ್ರಮೋಹನ

*

ಪೀತಮ್‌ಪುರ
27 ಮಾರ್ಚ್ 2024

ಅಣ್ಣ,

ನಿನ್ನ ಕಾಗದವನ್ನು ಪರ್ಸಿನಲ್ಲಿಟ್ಟುಕೊಂಡು ಹೋಗಿದ್ದೆ. ಅಂಗಡಿಯವನ ಮುಂದೆಯೇ ತೆಗೆದು ಓದಿದೆ. ಫಿಲ್ಡ್ ಬೇಡ, ಸಿಂಥೆಟಿಕ್ ಬೇಡ, ರಿಪೋರ್ಟ್ ಇಲ್ಲದೆ ಏನೂ ಬೇಡ ಎಂದಮೇಲೆ ಅವನು ಮೊದಲ ತಟ್ಟೆಯನ್ನು ಒಳಗಿಟ್ಟು ಬೇರೆ ತಟ್ಟೆ ತಂದ.

ಈಗ ಎರಡು ಕಲ್ಲು ಆರಿಸಿಟ್ಟಿದ್ದೇನೆ. ಎರಡೂ ಭೂಮಿಯಲ್ಲಿ ಹುಟ್ಟಿದ್ದೇ. ಒಂದು ದೊಡ್ಡದು, ದಾಳಿಂಬೆ ಕಾಳಿನ ಹಾಗಿದೆ. ಅದರ ಕಾಗದದಲ್ಲಿ ಹೀಟೆಡ್ ಎಂದು ಬರೆದಿದೆ. ಇನ್ನೊಂದು ಚಿಕ್ಕದು, ಸ್ವಲ್ಪ ಮಂಕು, ಒಳಗೆ ಮೋಡ ಇದ್ದ ಹಾಗಿದೆ. ಅದಕ್ಕೆ ಅನ್‌ಹೀಟೆಡ್ ಎಂದು ಬರೆದಿದೆ. ಬೆಲೆ ಮಾತ್ರ ಮಂಕಾಗಿರುವುದಕ್ಕೇ ಹೆಚ್ಚು. "ಹೀಟೆಡ್ ತೋ ಸಬ್ ಹೋತಾ ಹೈ" ಅನ್ನುತ್ತಾನೆ ಅವನು, ಎಲ್ಲವನ್ನೂ ಬಿಸಿ ಮಾಡಿಯೇ ಇರುತ್ತಾರಂತೆ. ಬಿಸಿ ಮಾಡಿದರೆ ಕಲ್ಲಿಗೆ ಏನಾಗುತ್ತದೆ? ಅದರ ಒಳಗಿರುವುದು ಹೋಗಿಬಿಡುತ್ತದೆಯೇ? ನನ್ನ ಮನಸ್ಸು ಯಾಕೋ ಚಿಕ್ಕದರ ಕಡೆಗೇ ಎಳೆಯುತ್ತಿದೆ. ಇವರು ನಿನ್ನನ್ನು ಕೇಳು ಅಂದರು.

ಇನ್ನೊಂದು. ಉಂಗುರದ ಹಿಂಭಾಗ ತೆರೆದಿರಬೇಕೋ ಮುಚ್ಚಿರಬೇಕೋ? ಕಲ್ಲು ಬೆರಳಿಗೆ ತಾಗುವ ಹಾಗೆ ಮಾಡಿಸಬಹುದೇ?

ಸಿಂಚನಾ ಅಂಗಡಿಗೆ ಬರಲಿಲ್ಲ, ಅವಳಿಗೆ ಬಿಡುವಿಲ್ಲ. ಬೆರಳಿಗೆ ದಾರ ಸುತ್ತಿ ಅಳತೆ ತಂದಿದ್ದೆ. ಹೋದ ವರ್ಷದ ಉಂಗುರಕ್ಕಿಂತ ಅಳತೆ ಕಡಿಮೆ ಬಂತು. ದೆಹಲಿಯ ಹುಡುಗಿಯರು ಊಟ ಎಲ್ಲಿ ಮಾಡುತ್ತಾರೆ.

ನೀನು ಕೇಳಿದ ವಿಷಯ. ಹೇಳುವಂಥದ್ದೇನಾದರೂ ಇದ್ದಾಗ ಹೇಳುತ್ತೇನೆ.

ಲೀಲಾ

*

ಚಿತ್ರದುರ್ಗ
5 ಏಪ್ರಿಲ್ 2024

ಲೀಲಾ,

ಬಾಯಿ ಬಿಡುವುದಿಲ್ಲ ಅಲ್ಲವೇ? ಆಗಲಿ. ನನ್ನ ರೇಷ್ಮೆ ಪಂಚೆ ಪೆಟ್ಟಿಗೆಯಿಂದ ಹೊರಬಂದು ಬಿಸಿಲಿಗೆ ಬಿದ್ದಿದೆ ಎಂದಷ್ಟೇ ತಿಳಿಸುತ್ತೇನೆ.

ದೊಡ್ಡದನ್ನು ತೆಗೆದುಕೋ. ಎರಡನೇ ಯೋಚನೆ ಬೇಡ. ಅಂಗಡಿಯವನು ಈ ಒಂದು ವಿಷಯದಲ್ಲಿ ನಿಜ ಹೇಳಿದ್ದಾನೆ. ಮಾರುಕಟ್ಟೆಗೆ ಬರುವ ಕೆಂಪುಗಳಲ್ಲಿ ಹೆಚ್ಚಿನವು ಬೆಂಕಿ ಕಂಡವೇ. ಕುಲುಮೆಯಲ್ಲಿ ಕಾಯಿಸಿದರೆ ಕಲ್ಲಿನ ಒಳಗಿನ ಮಸುಕು ಕರಗಿ ಬಣ್ಣ ತೆರೆದುಕೊಳ್ಳುತ್ತದೆ. ಹಾಗೆ ಬಂದ ಬಣ್ಣ ಶಾಶ್ವತ, ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಬಿಸಿ ಮಾಡಿದರೂ ಅದು ನೈಸರ್ಗಿಕ ಕಲ್ಲೇ. ಒಳಗಿನಿಂದ ಏನೂ ಹೋಗುವುದಿಲ್ಲ, ಹೋಗುವುದಕ್ಕೆ ಒಳಗೆ ಏನಿದೆ? ಬಿಸಿ ಮಾಡದ ಕಲ್ಲು ಅಪರೂಪ, ಅದಕ್ಕೇ ಅದರ ಬೆಲೆ ಹೆಚ್ಚು, ಅಷ್ಟೆ. ಅದನ್ನು ಕೊಳ್ಳುವವರು ಮ್ಯೂಸಿಯಮ್ಮಿನವರು ಮತ್ತು ದುಡ್ಡು ಹೆಚ್ಚಾದ ಮೂರ್ಖರು. ಮದುವೆಯ ದಿನ ಮಂಕು ಕಲ್ಲು ಹಾಕಿಕೊಂಡು ಕೂತರೆ ಯಾರಿಗೆ ಚೆಂದ?

ಹಿಂಭಾಗ ತೆರೆದೇ ಇರಲಿ. ಅಜ್ಜಿಯ ಕಾಲದ ಓಲೆಗಳಲ್ಲಿ ಹಿಂದೆ ತಗಡು ಕೊಟ್ಟು ಮುಚ್ಚುತ್ತಿದ್ದರು, ಅದು ಕಳಪೆ ಕಲ್ಲಿಗೆ ಹೊಳಪು ತರಿಸುವ ಉಪಾಯ. ಒಳ್ಳೆಯ ಕಲ್ಲಿಗೆ ಬೆಳಕು ಹಿಂದಿನಿಂದಲೂ ಬರಬೇಕು.

ನನ್ನ ಮಾತು ಕೇಳು, ಮನಸ್ಸಿನ ಮಾತು ಕೇಳಬೇಡ. ಹರಳಿನ ವಿಷಯದಲ್ಲಿ ಮನಸ್ಸಿಗೆ ಏನೂ ಗೊತ್ತಿರುವುದಿಲ್ಲ.

ಚಂದ್ರಮೋಹನ

*

ಪೀತಮ್‌ಪುರ
21 ಏಪ್ರಿಲ್ 2024, ಭಾನುವಾರ

ಅಣ್ಣ,

ದೊಡ್ಡದನ್ನೇ ತೆಗೆದುಕೊಂಡೆ. ಇವತ್ತು ಬೆಳಿಗ್ಗೆ ಸ್ನಾನ ಮಾಡಿಸಿ ಅವಳ ಬೆರಳಿಗೆ ಹಾಕಿದೆ. ಉಂಗುರ ಸ್ವಲ್ಪ ಸಡಿಲವಾಯಿತು, ಒಳಗೆ ದಾರ ಸುತ್ತಿದ್ದೇನೆ. ಅವಳು ಕೈ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಮಾಮಾಗೆ ಥ್ಯಾಂಕ್ಸ್ ಬೋಲ್ನಾ ಅಮ್ಮ, ಕಲ್ಲು ಬಹುತ್ ಸುಂದರ್ ಇದೆ" ಅಂದಳು. ಹೇಳಿದ್ದೇನೆ.

ಇವತ್ತು ಮನೆಯಲ್ಲಿ ಎಲ್ಲರೂ ಊಟ ಮಾಡಿದೆವು. ನೀನು ಇಷ್ಟು ವಿವರವಾಗಿ ಬರೆದದ್ದಕ್ಕೆ ನನಗೆ ಎಷ್ಟು ಸಮಾಧಾನವಾಯಿತು ಎಂದು ಹೇಳಲಾರೆ. ನೀನು ನೋಡಿ ಹೇಳಿದ್ದರಲ್ಲಿ ತಪ್ಪಿರುವುದಿಲ್ಲ.

ಲೀಲಾ

*

ಚಿತ್ರದುರ್ಗ
10 ಮೇ 2024

ಲೀಲಾ,

ಉಂಗುರ ಆಯಿತು. ಮುಹೂರ್ತ ಯಾವಾಗ? ಇಲ್ಲಿ ನಾನು ಹೊಸ ಚಪ್ಪಲಿ ಸಹಿತ ತಯಾರಾಗಿ ಕೂತಿದ್ದೇನೆ. ಸ್ನಾನ ಮಾಡಿಸಿ ಉಂಗುರ ಹಾಕಿದೆ ಎಂದು ಬರೆದಿದ್ದೀ, ಇಪ್ಪತ್ತಾರು ವರ್ಷದ ಹುಡುಗಿಗೆ ಸ್ನಾನ ಮಾಡಿಸುವುದೆಂದರೆ ಅದು ನಿಶ್ಚಿತಾರ್ಥದ ಎಣ್ಣೆಸ್ನಾನವೇ ಇರಬೇಕು. ಸೋದರಮಾವನನ್ನು ಬಿಟ್ಟು ಅದನ್ನೂ ಮುಗಿಸಿದಿರಾ?

ಇರಲಿ, ಕೋಪವಿಲ್ಲ. ಉಂಗುರದ ಫೋಟೋ ತೆಗೆಸಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಳಿಸು. ಹುಡುಗಿಯ ಮುಖವೂ ಅದರಲ್ಲಿರಲಿ.

ಚಂದ್ರಮೋಹನ

*

ಚಿತ್ರದುರ್ಗ
19 ಜೂನ್ 2024

ಲೀಲಾ,

ಒಂದು ತಿಂಗಳಿಗೂ ಮೇಲಾಯಿತು, ನಿನ್ನಿಂದ ಒಂದಕ್ಷರವಿಲ್ಲ. ಹೊಸ ಮಷಿನ್ ಬಂದಿದೆ, ನಿನಗೆ ಫೋನ್ ಮಾಡಿದೆ. ನಿನ್ನ ಯಜಮಾನರು ದಕ್ಷಿಣಾಮೂರ್ತಿಯವರು ತೆಗೆದುಕೊಂಡು, ಆಮೇಲೆ ಮಾಡಿಸುತ್ತೇನೆ ಎಂದಿಟ್ಟರು. ಹಿಂದೆ ಯಾವುದೋ ಗದ್ದಲ, ಯಾರೋ ಹೆಂಗಸು ಹಿಂದಿಯಲ್ಲಿ ಹೆಸರು ಕೂಗುತ್ತಿದ್ದಳು. ಬ್ಯಾಂಕಿನಲ್ಲಿದ್ದರು ಅಂತ ಕಾಣುತ್ತದೆ.

ನಾನು ಯೋಚಿಸಿ ನೋಡಿದೆ. ಹುಡುಗ ಬೇರೆ ಜಾತಿಯವನು, ಅಥವಾ ಬೇರೆ ಧರ್ಮದವನು, ಅಲ್ಲವೇ? ಅದಕ್ಕೇ ಈ ಗುಟ್ಟು. ನಾನು ಅಂಥದ್ದಕ್ಕೆಲ್ಲ ತಕರಾರು ಮಾಡುವವನೇ? ಜಾತಕ, ಗೋತ್ರ ಎಂದರೆ ನಕ್ಕುಬಿಡುವವನು ನಾನೊಬ್ಬನೇ ಈ ಮನೆತನದಲ್ಲಿ. ಬೇರೆ ಯಾರಿಗೆ ಹೇಳದಿದ್ದರೂ ನನಗೆ ಹೇಳಬಹುದಿತ್ತು. ನಿನ್ನ ಮೌನದಿಂದ ನನಗೆ ನೋವಾಗಿದೆ, ಅದನ್ನು ಬರೆದು ತಿಳಿಸುತ್ತಿದ್ದೇನೆ.

ಚಂದ್ರಮೋಹನ

*

ದೆಹಲಿ
2 ಜುಲೈ 2024

ಅಣ್ಣ,

ಬ್ಯಾಂಕಲ್ಲ, ಆಸ್ಪತ್ರೆ. ಮದುವೆಯೂ ಇಲ್ಲ, ಹುಡುಗನೂ ಇಲ್ಲ.

ಸಿಂಚನಾಳಿಗೆ ಜನವರಿಯಿಂದ ಹುಷಾರಿಲ್ಲ. ಮೊದಲು ಸುಸ್ತು ಅಂದಳು. ಮೆಟ್ರೋದಲ್ಲಿ ಎರಡು ಸಲ ತಲೆತಿರುಗಿ ಬಿದ್ದಳು. ಮೈಮೇಲೆ ಎಲ್ಲೂ ತಾಗದೆಯೇ ನೀಲಿ ಕಲೆ ಏಳುತ್ತಿತ್ತು. ಮೂಳೆಯೊಳಗಿನ ಮಜ್ಜೆ ರಕ್ತ ಮಾಡುವುದನ್ನು ನಿಲ್ಲಿಸುತ್ತಾ ಬಂದಿದೆ ಅಂದರು. ಅವರು ಔಷಧಿ ಕೊಡುತ್ತಿದ್ದಾರೆ, ಬೇರೆಯವರ ರಕ್ತ ಹಾಕುತ್ತಿದ್ದಾರೆ. ನಮ್ಮಿಬ್ಬರ ಮಜ್ಜೆ ಅವಳಿಗೆ ಕೂಡುತ್ತದೆಯೇ ಎಂದು ಪರೀಕ್ಷೆ ಮಾಡಿದರು. ಈಗ ಸೋಂಕು ತಗುಲಿದೆ, ಅದು ಇಳಿಯುವ ತನಕ ಮುಂದಿನ ಯಾವುದನ್ನೂ ಮಾಡುವಂತಿಲ್ಲವಂತೆ.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀ. ಅವಳೇ ಬೇಡ ಅಂದಳು. "ಮಾಮಾನ ಮುಂದೆ ಮೈ ಬೀಮಾರ್ ನಹೀ ಹೂಂ" ಅಂದಳು, ನಿನ್ನ ಮುಂದಾದರೂ ತಾನು ಕಾಯಿಲೆಯವಳಲ್ಲ ಅಂತ. ನಿನ್ನ ಕಾಗದ ಓದಿ ಹೇಳಿದಾಗೆಲ್ಲ ನಗುತ್ತಿದ್ದಳು. ಈ ಮನೆಯಲ್ಲಿ ಅವಳು ನಗಲು ನಿನ್ನ ಮದುವೆಯ ಮಾತೊಂದೇ ಇತ್ತು, ಅದಕ್ಕೇ ನಾನೂ ತಿದ್ದಲಿಲ್ಲ. ಇನ್ನೊಂದು ಕಾರಣ ನನ್ನದು. ಇಲ್ಲೇ ಹತ್ತಿರದ ರೋಹಿಣಿ ಬಡಾವಣೆಯಲ್ಲಿ ನಮ್ಮ ಕಡೆಯ ಜೋಯಿಸರೊಬ್ಬರಿದ್ದಾರೆ. ಸೂರ್ಯ ಬಲಹೀನನಾಗಿದ್ದಾನೆ, ರಕ್ತಕ್ಕೆ ಅವನೇ ಒಡೆಯ, ಮಾಣಿಕ್ಯ ಮೈಗೆ ತಾಗುವ ಹಾಗೆ ಧರಿಸಲಿ ಅಂದರು. ಅಮ್ಮನ ಹವಳದ ಉಂಗುರ ನೋಡಿ ನೀನು ಊಟದ ಪಂಕ್ತಿಯಲ್ಲಿ ನಕ್ಕಿದ್ದು ನನಗೆ ಮರೆತಿಲ್ಲ. ನಿಜ ಹೇಳಿದ್ದರೆ ನೀನು ಕಲ್ಲಿನ ವಿಷಯ ಬರೆಯುತ್ತಲೇ ಇರಲಿಲ್ಲ, ಬುದ್ಧಿ ಹೇಳುತ್ತಿದ್ದೆ.

ಮೊನ್ನೆ ಜೋಯಿಸರಿಗೆ ಲ್ಯಾಬಿನ ಕಾಗದ ತೋರಿಸಿದೆ. ಹೀಟೆಡ್ ಎಂಬಲ್ಲಿ ಬೆರಳಿಟ್ಟು, "ಇದು ಸುಟ್ಟ ಕಲ್ಲಮ್ಮ. ಬೆಂಕಿ ಇದರ ಸತ್ವ ತಿಂದುಬಿಟ್ಟಿದೆ. ಹುರಿದ ಬೀಜ ನೆಟ್ಟ ಹಾಗಾಯಿತು" ಅಂದರು. ನಾನು ನಿನ್ನನ್ನು ಕೇಳಿದ್ದೆ, ಅಣ್ಣ. ಒಳಗಿರುವುದು ಹೋಗಿಬಿಡುತ್ತದೆಯೇ ಎಂದು ಕೇಳಿದ್ದೆ. ಚಿಕ್ಕದು ನನ್ನ ಕೈಯಲ್ಲೇ ಇತ್ತು. ನಿನ್ನೆ ಅಂಗಡಿಗೆ ಹೋದೆ. ಅದು ಮಾರಿಹೋಗಿದೆ.

ಬಿಸಿ ಮಾಡದ ಕೆಂಪು ನಿಜವಾಗಿ ಎಲ್ಲಿ ಸಿಗುತ್ತದೆ ಎಂದು ಕೂಡಲೇ ತಿಳಿಸು. ಬೇರೇನೂ ಬರೆಯಬೇಡ.

ಲೀಲಾ

*

ಚಿತ್ರದುರ್ಗ
8 ಜುಲೈ 2024

ಲೀಲಾ,

ಫೋನ್ ಮಾಡಿದರೆ ಯಾರೂ ತೆಗೆಯುತ್ತಿಲ್ಲ, ಅದಕ್ಕೇ ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಬೆಂಗಳೂರಿನಿಂದ ಹನ್ನೊಂದನೇ ತಾರೀಕಿನ ರೈಲಿಗೆ ಟಿಕೆಟ್ ಸಿಕ್ಕಿದೆ. ನನ್ನ ಮಜ್ಜೆ ಕೂಡುತ್ತದೆಯೇ ಎಂದು ಡಾಕ್ಟರನ್ನು ಕೇಳು. ನನ್ನ ವಯಸ್ಸಿನವರದ್ದು ತೆಗೆದುಕೊಳ್ಳುವುದಿಲ್ಲ ಅಂದರೂ ಕೇಳು.

ಹಿಂಭಾಗ ತೆರೆದಿರಬೇಕೇ, ಕಲ್ಲು ಬೆರಳಿಗೆ ತಾಗಬಹುದೇ ಎಂದು ನೀನು ಕೇಳಿದಾಗಲೇ ನನಗೆ ಹೊಳೆಯಬೇಕಿತ್ತು. ಹಾಗೆ ಕೇಳುವವರು ಯಾರು, ಯಾಕೆ ಕೇಳುತ್ತಾರೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ನಾನು ಮದುವೆಯ ಊಟದ ಯೋಚನೆಯಲ್ಲಿದ್ದೆ.

ಆದರೆ ಒಂದು ಮಾತು ಹೇಳದೆ ಇರಲಾರೆ. ಸುಟ್ಟ ಕಲ್ಲಾಗಲಿ, ಸುಡದ ಕಲ್ಲಾಗಲಿ, ಯಾವ ಕಲ್ಲೂ ರಕ್ತ ಮಾಡುವುದಿಲ್ಲ. ಅದು ಅಲ್ಯೂಮಿನಿಯಮ್ಮಿನ ತುಕ್ಕು, ಜೊತೆಗೊಂದು ಚಿಟಿಕೆ ಕ್ರೋಮಿಯಂ. ಆ ಜೋಯಿಸ ಮನೆಯ ಹೊಸ್ತಿಲು ತುಳಿದರೆ ನಾನು ಸುಮ್ಮನಿರುವವನಲ್ಲ. ಉಂಗುರ ತೆಗೆದು ಯಮುನೆಗೆ ಎಸೆ, ಡಾಕ್ಟರು ಹೇಳಿದಷ್ಟು ಮಾಡು. ಇನ್ನೊಂದು ಕಲ್ಲಿಗಾಗಿ ಅಂಗಡಿ ಸುತ್ತುವ ಹೊತ್ತಿನಲ್ಲಿ ಮಗುವಿನ ಪಕ್ಕ ಕೂತಿರು.

ಬರುತ್ತಿದ್ದೇನೆ.

ಚಂದ್ರಮೋಹನ

*

ಪೀತಮ್‌ಪುರ
16 ಸೆಪ್ಟೆಂಬರ್ 2024

ಅಣ್ಣ,

ನೀನು ಊರಿಗೆ ಹೋದ ಮೇಲೆ ಇದೇ ಮೊದಲು ಪೆನ್ನು ಹಿಡಿದಿದ್ದೇನೆ.

ನೀನು ಇಲ್ಲಿದ್ದಷ್ಟು ದಿನ ಅವಳ ಪಕ್ಕ ಕೂತು ಹಾಳುಮೂಳು ಕಥೆ ಹೇಳಿ ನಗಿಸಿದೆ. ಅವಳ ಕೊನೆಯ ದಿನ ನೀನೂ ಇವರೂ ಹೊರಗೆ ಓಡಾಡಿಕೊಂಡಿದ್ದಿರಿ, ನಾನೊಬ್ಬಳೇ ಒಳಗಿದ್ದೆ. ಅದಾದ ಮೇಲೆ ನಿಗಮ್‌ಬೋಧ ಘಾಟಿನ ಸ್ಮಶಾನದಲ್ಲಿ ಏನೇನು ನಡೆಯಿತೋ ನನಗೆ ಗೊತ್ತಿಲ್ಲ. ಹೆಂಗಸರು ಬರುವುದು ಬೇಡ ಎಂದು ಯಾರೋ ಅಂದರು, ನನಗೆ ಜಗಳ ಮಾಡುವ ತ್ರಾಣ ಇರಲಿಲ್ಲ. ಗುರುಗ್ರಾಮದ ಆಫೀಸಿನಿಂದ ಅವಳ ಮೇಜಿನ ಮೇಲಿದ್ದ ಸಾಮಾನು ಒಂದು ಡಬ್ಬಿಯಲ್ಲಿ ಹಾಕಿ ಕಳಿಸಿದ್ದಾರೆ. ಇನ್ನೂ ಬಿಚ್ಚಿಲ್ಲ.

ನೀನು ಇಲ್ಲಿದ್ದಾಗ ಕಲ್ಲಿನ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳ ಬೆರಳಿನಲ್ಲಿ ಅದು ಇದ್ದದ್ದನ್ನು ನೋಡಿಯೂ ನೀನು ತೆಗೆ ಅನ್ನಲಿಲ್ಲ. ಅದನ್ನು ನಾನು ಗಮನಿಸಿದ್ದೇನೆ.

ಉಂಗುರವನ್ನು ರಿಜಿಸ್ಟರ್ ಪಾರ್ಸೆಲ್ಲಿನಲ್ಲಿ ಕಳಿಸುತ್ತಿದ್ದೇನೆ. ನಿನ್ನ ಸೂಕ್ಷ್ಮದರ್ಶಕ ಇನ್ನೂ ಮನೆಯಲ್ಲಿದೆ ಎಂದು ಗೊತ್ತು. ಅಂಗಡಿಯವರ ಕಾಗದ ನನಗೆ ಬೇಡ, ಅವರು ಏನು ಬೇಕಾದರೂ ಬರೆಸುತ್ತಾರೆ. ನೀನು ನಿನ್ನ ಕಣ್ಣಿನಿಂದ ನೋಡಿ ಹೇಳು, ಇದು ನಿಜವಾಗಿ ಸುಟ್ಟ ಕಲ್ಲೇ, ಅಲ್ಲವೇ? ಬೆಳಿಗ್ಗೆ ಎದ್ದರೆ ಅದೇ, ಅನ್ನಕ್ಕೆ ಇಟ್ಟರೆ ಅದೇ. ನೀನು ಏನು ಹೇಳುತ್ತೀಯೋ ಅದಕ್ಕೆ ನಾನು ಒಪ್ಪಿ ನಡೆಯುತ್ತೇನೆ. ಒಂದು ಹರಳಿನ ವಿಷಯದಲ್ಲೂ ನೀನು ಸುಳ್ಳು ಬರೆದವನಲ್ಲ.

ಲೀಲಾ

*

ಚಿತ್ರದುರ್ಗ
3 ಅಕ್ಟೋಬರ್ 2024

ಪ್ರೀತಿಯ ಲೀಲಾ,

ಉಂಗುರ ತಲುಪಿತು. ಎರಡು ದಿನ ಬೇರೆ ಕೆಲಸ ಬಿಟ್ಟು ನೋಡಿದೆ.

ಭೂಮಿಯಲ್ಲಿ ಹುಟ್ಟಿದ ಕೆಂಪಿನ ಒಳಗೆ ಕೂದಲಿಗಿಂತ ಸಣ್ಣ ಎಳೆಗಳು ಒಂದರ ಪಕ್ಕ ಒಂದು ಹೆಣೆದುಕೊಂಡಿರುತ್ತವೆ. ನಮ್ಮ ಕಸುಬಿನಲ್ಲಿ ಅದಕ್ಕೆ ರೇಷ್ಮೆ ಎನ್ನುತ್ತೇವೆ. ಕುಲುಮೆಯ ಬಿಸಿ ತಾಗಿದರೆ ಈ ಎಳೆಗಳು ತುಂಡಾಗಿ ಚುಕ್ಕೆಚುಕ್ಕೆಯಾಗುತ್ತವೆ. ಕಲ್ಲು ಬೆಂಕಿ ಕಂಡಿದೆಯೋ ಇಲ್ಲವೋ ಎಂದು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಇನ್ನೊಂದಿಲ್ಲ.

ನಿನ್ನ ಕಲ್ಲಿನಲ್ಲಿ ರೇಷ್ಮೆ ಪೂರ್ತಿಯಾಗಿದೆ. ಒಂದು ಎಳೆಯೂ ಮುರಿದಿಲ್ಲ. ಇದು ಬೆಂಕಿ ಕಂಡ ಕಲ್ಲಲ್ಲ. ಲ್ಯಾಬಿನವರು ಅವಸರದಲ್ಲಿ ತಪ್ಪು ಬರೆದಿದ್ದಾರೆ, ಅಂಥ ತಪ್ಪು ಆಗುವುದುಂಟು. ಜೋಯಿಸರ ಲೆಕ್ಕಕ್ಕೂ ನಿನ್ನ ಲೆಕ್ಕಕ್ಕೂ ಇದು ಶುದ್ಧವಾದದ್ದೇ. ನೀನು ಮಾಡಿದ್ದರಲ್ಲಿ ಒಂದೂ ತಪ್ಪಿಲ್ಲ.

ಇನ್ನು ಈ ಯೋಚನೆ ಬಿಡು. ಹೊತ್ತಿಗೆ ಸರಿಯಾಗಿ ಊಟ ಮಾಡು, ಅವರಿಗೂ ಮಾಡಿಸು.

ನಿನ್ನ ಅಣ್ಣ

*

ಪೀತಮ್‌ಪುರ
22 ಅಕ್ಟೋಬರ್ 2024

ಅಣ್ಣ,

ಕಾಗದ ಬಂದು ವಾರದ ಮೇಲಾಯಿತು. ಮೊದಲ ದಿನ ಓದಿ ಮಡಿಸಿಟ್ಟೆ. ನನಗೆ ಹಗುರವಾಗುತ್ತದೆ ಎಂದುಕೊಂಡು ಕಾದೆ.

ಇಲ್ಲಿ ದೀಪಾವಳಿಯ ಗಲಾಟೆ ಶುರುವಾಗಿದೆ. ಎದುರಿನ ಬ್ಲಾಕಿಗೆ ಮೇಲಿಂದ ಕೆಳಗೆ ಬಣ್ಣದ ಲೈಟು ಇಳಿಬಿಟ್ಟಿದ್ದಾರೆ. ಹೊಗೆಗೆ ಕಿಟಕಿ ತೆರೆಯುವಂತಿಲ್ಲ. ಇವರು ಆಫೀಸಿನಿಂದ ಬಂದು ಷೂ ಕಳಚದೆ ಕೂತುಬಿಡುತ್ತಾರೆ. ನಾನೂ ಕಳಚಿ ಎಂದು ಹೇಳುವುದಿಲ್ಲ.

ನೀನು ಒಳ್ಳೆಯದನ್ನೇ ಬರೆದಿದ್ದೀ, ಕೋಪ ಮಾಡಿಕೊಳ್ಳಬೇಡ. ಆದರೆ ನನಗೆ ಹೇಳಲೇಬೇಕಾಗಿದೆ. ಕಲ್ಲು ಸುಟ್ಟಿತ್ತು ಎಂದು ತಿಳಿದಷ್ಟು ದಿನ ನನಗೊಂದು ದಾರಿಯಿತ್ತು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ನಾನು ಮನಸ್ಸಿನಲ್ಲಿ ಆ ಅಂಗಡಿಗೆ ಹೋಗುತ್ತಿದ್ದೆ. ಅವನು ಎರಡು ಕಲ್ಲು ಮುಂದಿಡುತ್ತಿದ್ದ. ನಾನು ಚಿಕ್ಕದನ್ನು ತೆಗೆದುಕೊಳ್ಳುತ್ತಿದ್ದೆ. ಆಮೇಲೆ ಅವಳ ಮುಖಕ್ಕೆ ಬಣ್ಣ ಬರುತ್ತಿತ್ತು, ಹಸಿವು ಅನ್ನುತ್ತಿದ್ದಳು, ಬ್ಯಾಗ್ ಹಾಕಿಕೊಂಡು ಮೆಟ್ರೋಗೆ ಓಡುತ್ತಿದ್ದಳು. ದಿನಾ ಹೀಗೆ. ನನ್ನ ತಪ್ಪಿನಿಂದ ಹೋದಳು ಎಂದರೆ, ತಪ್ಪಾಗದಿದ್ದರೆ ಇರುತ್ತಿದ್ದಳು ಅಂತಲೂ ಆಯಿತಲ್ಲ. ಅದನ್ನೇ ಹಿಡಿದುಕೊಂಡಿದ್ದೆ.

ಈಗ ಕಲ್ಲು ಶುದ್ಧ, ನಾನು ಮಾಡಿದ್ದೆಲ್ಲ ಸರಿ ಅನ್ನುತ್ತೀ. ಎಲ್ಲ ಸರಿ ಮಾಡಿಯೂ ಹೋದಳು ಎಂದರೆ ಇನ್ನು ಯಾವ ಅಂಗಡಿಗೆ ಹೋಗಲಿ? ಯಾವ ಕಲ್ಲನ್ನು ಬದಲಾಯಿಸಲಿ? ಯಾವುದೂ ಬೇರೆ ಥರ ಆಗಲು ಸಾಧ್ಯವೇ ಇರಲಿಲ್ಲ ಅನ್ನುವುದನ್ನು ಇಟ್ಟುಕೊಂಡು ತಾಯಿಯಾದವಳು ಬದುಕುವುದು ಹೇಗೆ, ಹೇಳು. ಸುಟ್ಟಿದೆ ಎಂದು ನಿನ್ನ ಬಾಯಿಂದ ಕೇಳುವುದಕ್ಕೇ ನಾನು ಅದನ್ನು ಕಳಿಸಿದ್ದು.

ನಿನ್ನೆ ಬೆಳಿಗ್ಗೆ ಗ್ಯಾಸ್ ಹಚ್ಚಿದೆ. ಯಾತಕ್ಕೆ ಹಚ್ಚಿದೆ ಎಂದು ಗೊತ್ತಾಗದೆ ಅದರ ಮುಂದೆ ನಿಂತುಬಿಟ್ಟೆ. ಇವರು ಬಂದು ಆರಿಸಿದರು. ಇನ್ನು ಏನೂ ಬೇಡ ಅನ್ನಿಸುತ್ತಿದೆ, ಅಣ್ಣ.

ಲೀಲಾ

*

ಚಿತ್ರದುರ್ಗ
1 ನವೆಂಬರ್ 2024

ಲೀಲಾ,

ನಾನು ಸುಳ್ಳು ಬರೆದೆ.

ಸರ್ವೀಸಿನಲ್ಲಿ ಇದ್ದಷ್ಟು ಕಾಲ ಒಬ್ಬ ಸೇಟುವಿಗಾಗಿಯೂ, ಒಬ್ಬ ಮಂತ್ರಿಗಾಗಿಯೂ ನಾನು ಒಂದು ಸುಳ್ಳು ರಿಪೋರ್ಟ್ ಬರೆದಿರಲಿಲ್ಲ. ನಿನಗೆ ಬರೆದೆ. ತಪ್ಪು ನಿನ್ನದಲ್ಲ ಎಂದು ತಿಳಿದರೆ ನೀನು ಉಸಿರಾಡುತ್ತೀಯ ಎಂದುಕೊಂಡೆ. ನಿನ್ನ ಕಾಗದದಲ್ಲಿ ನೀನು ಕೇಳಿದ್ದು ಅದನ್ನೇ ಎಂದು ಓದಿಕೊಂಡೆ. ಕಲ್ಲಿನ ಒಳಗೆ ಏನಿದೆ ಎಂದು ನೋಡುವುದನ್ನು ಬಿಟ್ಟರೆ ನನಗೆ ಬೇರೆ ಯಾವುದರ ಒಳಗೂ ನೋಡಲು ಬರುವುದಿಲ್ಲ.

ರೇಷ್ಮೆ ಪೂರ್ತಿಯಾಗಿಲ್ಲ. ಎಲ್ಲ ಎಳೆಗಳೂ ಮುರಿದು ಚುಕ್ಕೆಯಾಗಿವೆ. ಅದು ಬೆಂಕಿ ಕಂಡ ಕಲ್ಲು. ಲ್ಯಾಬಿನವರು ಬರೆದದ್ದೇ ಸರಿ.

ಇನ್ನು ಮುಂದಿನದು. ಇದನ್ನು ಗಮನವಿಟ್ಟು ಓದು. ನಿನ್ನ ಕೈಯಲ್ಲಿ ಸರಿಯಾದ ಕಲ್ಲಿತ್ತು. ನಿನ್ನ ಮನಸ್ಸು ಅದನ್ನೇ ತೆಗೆದುಕೋ ಎಂದಿತ್ತು. ಮನಸ್ಸಿನ ಮಾತು ಕೇಳಬೇಡ, ನನ್ನ ಮಾತು ಕೇಳು ಎಂದು ಬರೆದವನು ನಾನು. ಒಳಗೆ ಏನಿದೆ ಹೋಗುವುದಕ್ಕೆ ಎಂದು ಹಂಗಿಸಿದವನು ನಾನು. ಜೋಯಿಸರು ಹೇಳಿದ್ದು ನಿಜ. ಚಿಕ್ಕ ಕಲ್ಲನ್ನು ಹಾಕಿದ್ದರೆ ಸಿಂಚನಾ ಉಳಿಯುತ್ತಿದ್ದಳು. ಹೌದು, ಉಳಿಯುತ್ತಿದ್ದಳು. ಇದನ್ನು ನಾನು ಪೂರ್ತಿ ತಿಳಿದು, ನನ್ನ ಕೈಯಾರೆ ಬರೆದು, ಕೆಳಗೆ ಸಹಿ ಹಾಕುತ್ತಿದ್ದೇನೆ.

ತಪ್ಪು ಆಗಿದೆ, ಅದು ನನ್ನದು. ಬೈಯಬೇಕಾದರೆ ನನ್ನನ್ನು ಬೈಯಿ.

ಚಂದ್ರಮೋಹನ

*

ಪೀತಮ್‌ಪುರ
24 ನವೆಂಬರ್ 2024

ಅಣ್ಣ,

ನಿನ್ನ ಕಾಗದವನ್ನು ಇವರಿಗೂ ಓದಿ ಹೇಳಿದೆ. ಇವರು, "ಚಂದ್ರಮೋಹನ ಇದನ್ನು ನಂಬಿ ಬರೆದಿಲ್ಲ ಲೀಲಾ, ನಿನಗಾಗಿ ಬರೆದಿದ್ದಾನೆ" ಅಂದರು. ಹಾಗೆ ಹೇಳಬೇಡಿ ಎಂದು ಕೈಮುಗಿದೆ. ನೀನು ಬರೆದದ್ದನ್ನು ನಾನು ನಂಬಿದ್ದೇನೆ.

ನಾಲ್ಕೈದು ದಿನದಿಂದ ಎರಡು ತುತ್ತು ಒಳಗೆ ಹೋಗುತ್ತಿದೆ. ಬೆಳಿಗ್ಗೆ ಎದ್ದು ಮೊದಲು ನಿನ್ನನ್ನು ಬಾಯಿಗೆ ಬಂದ ಹಾಗೆ ಬೈಯುತ್ತೇನೆ. ಅಮ್ಮನ ಮುಂದೆ ಆಡಬಾರದ ಮಾತೆಲ್ಲ ಬರುತ್ತದೆ. ಆಮೇಲೆ ಎದ್ದು ಹಾಲು ಕಾಯಿಸುತ್ತೇನೆ, ಇವರಿಗೆ ಡಬ್ಬಿ ಕಟ್ಟುತ್ತೇನೆ. ನಿನ್ನೆ ಆಫೀಸಿನಿಂದ ಬಂದ ಅವಳ ಸಾಮಾನಿನ ಡಬ್ಬಿಯನ್ನೂ ಬಿಚ್ಚಿದೆ.

ಉಂಗುರ ನಿನ್ನಲ್ಲೇ ಇರಲಿ. ಏನಾದರೂ ಮಾಡಿಕೋ.

ಇನ್ನು ಮೇಲೆ ಕಾಗದ ಬರೆಯಬೇಡ, ಫೋನೂ ಮಾಡಬೇಡ. ವರ್ಷಾಬ್ದಿಕಕ್ಕೂ ಬರಬೇಡ. ನಿನ್ನ ಅಕ್ಷರ ಕಂಡರೆ ನೀನು ಎಂಥವನು ಎಂದು ನೆನಪಾಗಿಬಿಡುತ್ತದೆ. ಅದು ನೆನಪಾದ ದಿನ ನನಗೆ ಬೈಯಲು ಯಾರೂ ಇರುವುದಿಲ್ಲ.

ಲೀಲಾವತಿ